ಫೆಬ್ರವರಿ ಇಪ್ಪತ್ತಮೂರರ ತಗಡು

ಜನವರಿ 11

ತರಲೆ ಮಗಳಿಗೆ,

ಪೆಟ್ಟಿಗೆ ಬಿಚ್ಚುವ ಮೊದಲು ಕೈಗವಸು ಹಾಕಿಕೋ. ಒಳಗಿರುವ ನೀಲಿ ಬಾಟಲಿ ನಿಮ್ಮ ಲ್ಯಾಬಿನದು, ಈ ಕಾಗದ ನಿನ್ನದು. ಅವಸರದಲ್ಲಿ ಅಪ್ಪನ ಕಾಗದವನ್ನೇ ಪರೀಕ್ಷೆಗೆ ಹಾಕಿಬಿಟ್ಟೀಯ, ಜೋಕೆ. ಬಾಟಲಿಗಿಂತ ಇದರಲ್ಲೇ ಹೆಚ್ಚು ಆಮ್ಲ ಸಿಕ್ಕೀತು.

ಫೋನು ಮಾಡಿ ಮಾಡಿ ನಿನಗೂ ಸಾಕಾಗಿದೆ ಅಂತ ಗೊತ್ತು. ಮೂವತ್ತೊಂದು ವರ್ಷ ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಪಕ್ಕದಲ್ಲಿ ನಿಂತ ಕಿವಿಗಳು ಇವು. ನೀನು 'ಊಟ ಆಯ್ತಾ' ಅಂದರೆ ನನಗೆ ಗುಂಯ್ ಅಂತ ಮಾತ್ರ ಕೇಳಿಸುತ್ತದೆ. ಏನಾದರಾಗಲಿ ಅಂತ ನಾನು 'ಹೂಂ' ಅನ್ನುತ್ತೇನೆ, ನಿನ್ನ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ. ಅದಕ್ಕೇ ಕಾರ್ಖಾನೆಯ ಸ್ಟೋರಿನವನನ್ನು ಒಪ್ಪಿಸಿದ್ದೇನೆ. ಇನ್ನು ಮೇಲೆ ನಮ್ಮ ತಾಮ್ರ ಲೇಪಿಸುವ ತೊಟ್ಟಿಯ ನೀರಿನ ಬಾಟಲಿ ನಿಮ್ಮಲ್ಲಿಗೆ ಬರುವಾಗ ಆಗಾಗ ನನ್ನದೊಂದು ಕಾಗದವೂ ಅದೇ ಪೆಟ್ಟಿಗೆಯಲ್ಲಿ ಬರುತ್ತದೆ.

ನಿನಗೆ ಆ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದು ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ನಾನೇನೂ ಡಂಗುರ ಸಾರಲಿಲ್ಲ. ಸಾರಿದ್ದರೆ ಸ್ವಲ್ಪ. ಮ್ಯಾನೇಜರ್ ತೊಟ್ಟಿಯ ಹತ್ತಿರ ಬಂದು, "ಏನ್ ಮೇಸ್ತ್ರೀ, ಇನ್ಮೇಲೆ ನಮ್ಮ ತೊಟ್ಟಿಗೆ ನಿಮ್ಮ ಮಗಳೇ ಡಾಕ್ಟರಂತೆ?" ಅಂದರು. "ಡಾಕ್ಟರ್ ಅವಳಾದ್ರೂ ಸೂಲಗಿತ್ತಿ ನಾನೇ" ಅಂದೆ. ಗೊಳ್ಳೆಂದು ನಕ್ಕರು.

ನೀನು ಓದಿದವಳು, ನಾನು ಹೇಳಿಕೊಡುವಂಥದ್ದೇನಿಲ್ಲ. ಆದರೂ ಹೇಳುತ್ತೇನೆ, ಬಾಯಿ ಸುಮ್ಮನಿರುವುದಿಲ್ಲ. ತೊಟ್ಟಿಯಲ್ಲಿ ತಾಮ್ರ ಎಷ್ಟು, ಆಮ್ಲ ಎಷ್ಟು ಅಂತ ಯಾರು ಬೇಕಾದರೂ ಅಳೆದಾರು. ಚಮಚದ ಲೆಕ್ಕದಲ್ಲಿ ಬೀಳುವ ಮದ್ದಿದೆಯಲ್ಲ, ಬ್ರೈಟ್ನರ್, ಅದೇ ಕಳ್ಳ. ಅದು ಕಡಿಮೆಯಾದರೆ ತಾಮ್ರ ಮಂಕು. ಅದು ಹಳಸಿದರೆ ತಾಮ್ರ ಪೆಡಸು. ಪೆಡಸು ತಾಮ್ರ ಸರ್ಕ್ಯೂಟ್ ಬೋರ್ಡಿನ ತೂತುಗಳ ಒಳಗೋಡೆಯ ಮೇಲೆ ಕೂತರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಹತ್ತಾರು ಸಲ ಬಿಸಿಯಾಗಿ ಆರಿದ ಮೇಲೆ ಬಿರುಕು ಬಿಡುತ್ತದೆ. ಅದಕ್ಕೇ ನಾನು ದಿನಾ ಸೊಟ್ಟ ಡಬ್ಬಿಯಲ್ಲಿ ತೊಟ್ಟಿಯ ನೀರು ತುಂಬಿ, ಅಂಗೈಯಗಲದ ಹಿತ್ತಾಳೆ ತಗಡು ಇಳಿಬಿಟ್ಟು ಹತ್ತು ನಿಮಿಷ ಕರೆಂಟು ಕೊಡುವುದು. ಎಲ್ಲ ಸರಿಯಿದ್ದರೆ ತಗಡು ಈ ತುದಿಯಿಂದ ಆ ತುದಿಗೆ ಕನ್ನಡಿ. ಸರಿಯಿಲ್ಲದಿದ್ದರೆ ಮಂಕು ಎಲ್ಲಿದೆ ಎಂಬುದರಲ್ಲೇ ಕಾಯಿಲೆ ತಿಳಿಯುತ್ತದೆ. ಆಮೇಲೆ ಮೂಲೆ ಮಡಚಿ ಬೆರಳಲ್ಲಿ ಸವರಿ ನೋಡುತ್ತೇನೆ. ಬೆನ್ನಿಗೆ ಮೊಳೆಯಿಂದ ತಾರೀಕು ಗೀಚಿ ಒಂದು ಪೆಟ್ಟಿಗೆಯಲ್ಲಿ ಹಾಕಿಡುತ್ತೇನೆ. ಕೆಲಸಕ್ಕೆ ಹೋದ ದಿನ ತಗಡು ತಪ್ಪಿಸಿದವನಲ್ಲ ನಾನು. ನೀನು ಹುಟ್ಟಿದ ದಿನವೂ ತಗಡು ಹಾಕಿಯೇ ಆಸ್ಪತ್ರೆಗೆ ಬಂದೆ. ನಿನ್ನ ಅಮ್ಮ ಅದನ್ನು ಇನ್ನೂ ಮರೆತಿಲ್ಲ, ಮರೆಯಲು ನನಗೂ ಬಿಟ್ಟಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ತೊಟ್ಟಿ ಮೇಸ್ತ್ರಿ


ಜನವರಿ 19

ಅಪ್ಪ,

ಬಾಟಲಿ ಸೋರದೆ ಬಂತು. ಕಾಗದದ ಮೂಲೆ ಸ್ವಲ್ಪ ನೀಲಿಯಾಗಿ ಬಂತು. ನಿನ್ನ ಕೈ ತೊಳೆಯುವ ಚಂದ ಅಲ್ಲಿಂದ ಇಲ್ಲಿಯವರೆಗೂ ಗೊತ್ತಾಗುತ್ತದೆ.

ನನ್ನ ಯಂತ್ರ ನೋಡಿದರೆ ನೀನು ನಗುತ್ತೀಯ. ಒಂದು ಲೋಟದಷ್ಟು ದ್ರಾವಣ. ಅದರಲ್ಲಿ ಗಿರಗಿರ ತಿರುಗುವ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಕಾಳುಮೆಣಸಿನಷ್ಟು ಅಗಲದ ಪ್ಲಾಟಿನಂ. ಅದರ ಮೇಲೆ ತಾಮ್ರ ಕೂರಿಸುತ್ತದೆ, ಮರುಗಳಿಗೆಯೇ ಕಿತ್ತುಹಾಕುತ್ತದೆ. ಬ್ರೈಟ್ನರ್ ಹೆಚ್ಚಿದ್ದರೆ ತಾಮ್ರ ಬೇಗ ಬೇಗ ಕೂರುತ್ತದೆ. ಕೀಳುವಾಗ ಎಷ್ಟು ತಾಮ್ರ ಬಂತು ಎಂಬುದರಿಂದ ಬ್ರೈಟ್ನರ್ ಎಷ್ಟಿದೆ ಅಂತ ಲೆಕ್ಕ ಸಿಗುತ್ತದೆ. ಇಡೀ ದಿನ ಕೂರಿಸು, ಕೀಳು, ಕೂರಿಸು, ಕೀಳು. ಅಮ್ಮ ನನ್ನ ಲಂಗಕ್ಕೆ ಹೊಲಿಗೆ ಹಾಕಿ ಬಿಚ್ಚುತ್ತಿದ್ದುದು ನೆನಪಾಗುತ್ತದೆ.

ಬೇಜಾರು ಮಾಡಿಕೊಳ್ಳಬೇಡ ಅಪ್ಪ, ಆದರೆ ನಿನ್ನ ತಗಡು ಕಣ್ಣಿನ ಮಾತು. ಒಬ್ಬರಿಗೆ ಕನ್ನಡಿ ಅನ್ನಿಸಿದ್ದು ಇನ್ನೊಬ್ಬರಿಗೆ ಮಂಕು ಅನ್ನಿಸೀತು. ಅಂಕಿಗೆ ಆ ಗೋಳಿಲ್ಲ. ಹಿರಿಯ ಅನಲಿಸ್ಟ್ ಮೇಡಂ ಕೂಡ ಹಾಗೇ ಹೇಳುತ್ತಾರೆ.

ನನ್ನ ರೂಮು ಚಿಕ್ಕದು. ಕಿಟಕಿ ತೆಗೆದರೆ ಎದುರು ಮನೆಯ ಗೋಡೆ, ಗೋಡೆಯ ಮೇಲೊಂದು ಪೈಪು. ನಿನ್ನ ಕಾಗದವನ್ನು ಲ್ಯಾಬಿನಲ್ಲಿ ಒಡೆಯಲಿಲ್ಲ. ಚೀಲದಲ್ಲಿಟ್ಟುಕೊಂಡು ಸಂಜೆ ಇಲ್ಲಿಗೆ ತಂದು, ಟೀ ಮಾಡಿಕೊಂಡು ಓದಿದೆ. ಇಡೀ ದಿನ ಚೀಲದಲ್ಲಿ ಏನೋ ಒಂದು ನನಗಾಗಿ ಕಾಯುತ್ತಿದೆ ಅನ್ನಿಸಿತು. ಇನ್ನು ಮೇಲೂ ಹಾಗೇ ಮಾಡುತ್ತೇನೆ.

ತರಲೆ


ಫೆಬ್ರವರಿ 22

ತರಲೆ ಮಗಳಿಗೆ,

ಇಲ್ಲಿ ಒಂದು ಅವಾಂತರ ಆಗಿತ್ತು. ಬ್ಲೋವರ್ ಮೋಟಾರು ಸುಟ್ಟು ತೊಟ್ಟಿ ನಾಲ್ಕು ದಿನ ನಿಂತಿತ್ತು. ಗಾಳಿ ಇಲ್ಲ, ಕರೆಂಟು ಇಲ್ಲ, ತಾಮ್ರದ ಗಟ್ಟಿಗಳು ಮಾತ್ರ ಅದರೊಳಗೇ ನೆನೆಯುತ್ತಿದ್ದವು. ತೆಗೆದು ಹೊರಗಿಡೋಣ ಅಂದೆ, "ಇವತ್ ಸಂಜೆ ಮೋಟಾರ್ ಬರುತ್ತೆ ಮೇಸ್ತ್ರೀ" ಅಂತ ದಿನಾ ಅದೇ ರಾಗ. ನಾಲ್ಕು ಸಂಜೆ ಕಳೆಯಿತು. ಇವತ್ತು ಮೋಟಾರು ಕೂರಿಸಿದ್ದಾರೆ, ನಾಳೆ ಶುರು.

ನೀರಿನ ಬಣ್ಣ ಸರಿಯಾಗಿಯೇ ಇದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ನಿಂತ ತೊಟ್ಟಿಯಲ್ಲಿ ಮದ್ದು ಹಳಸುತ್ತದೆ ಅಂತ ನನ್ನ ಅನುಭವ. ಇವತ್ತಿನ ಬಾಟಲಿಯನ್ನು ಸ್ವಲ್ಪ ಕಣ್ಣಿಟ್ಟು ನೋಡು. ಅನುಮಾನ ಬಂದರೆ ಹೇಳಿಬಿಡು, ಇದ್ದಿಲು ಹಾಕಿ ಇಡೀ ತೊಟ್ಟಿ ಸೋಸುತ್ತೇನೆ. ಎರಡು ದಿನ ಹಿಡಿಯುತ್ತದೆ. ಮ್ಯಾನೇಜರ್ ಮುಖ ಊದಿಸಿಕೊಂಡಾರು, ಊದಿಸಿಕೊಳ್ಳಲಿ. ಇದು ಆಸ್ಪತ್ರೆಯ ಉಸಿರಾಟದ ಯಂತ್ರಕ್ಕೆ ಹೋಗುವ ಬೋರ್ಡುಗಳ ಸರದಿ.

ಅಮ್ಮನ ಮಂಡಿನೋವು ಹಾಗೇ ಇದೆ. ಕೇಳಿದರೆ 'ನಿಮ್ಮ ಕಿವಿಗಿಂತ ವಾಸಿ' ಅನ್ನುತ್ತಾಳೆ.

ನಿನ್ನ ಅಪ್ಪ


ಫೆಬ್ರವರಿ 24

ಅಪ್ಪ,

ನಿನ್ನೆ ಬೆಳಿಗ್ಗೆ ಬಾಟಲಿ ಬಂತು. ಮಧ್ಯಾಹ್ನದ ಹೊತ್ತಿಗೆ ಅಂಕಿಯೂ ಬಂತು, ಆಗಲೇ ಫ್ಯಾಕ್ಸಿನಲ್ಲಿ ಕಳಿಸಿಬಿಟ್ಟೆ. ಬ್ರೈಟ್ನರ್ ಎಷ್ಟಿರಬೇಕೋ ಅಷ್ಟೇ ಇದೆ, ಕೂದಲೆಳೆಯಷ್ಟೂ ಕಡಿಮೆಯಿಲ್ಲ. 'ಸೇರಿಸುವುದು ಬೇಡ, ಸೋಸುವುದು ಬೇಡ, ಕೆಲಸ ಆರಂಭಿಸಬಹುದು' ಅಂತ ಬರೆದು ಸಹಿ ಹಾಕಿದೆ. ನೋಡಿದೆಯಾ ಸಹಿಯನ್ನು? ನಾನೊಬ್ಬಳೇ ಹಾಕಿದ ಮೊದಲ ಸಹಿ ಅದು. ಮೇಡಂ ರಜೆಯಲ್ಲಿದ್ದರು. ಮೊದಲು ರದ್ದಿ ಕಾಗದದ ಮೇಲೆ ಎರಡು ಸಲ ಹಾಕಿ ನೋಡಿದೆ ಅಂದರೆ ನೀನು ಆಡಿಕೊಳ್ಳುತ್ತೀಯ.

ನಿನ್ನ ಕಾಗದವನ್ನು ಎಂದಿನಂತೆ ಸಂಜೆ ಓದಿದೆ. ನಾಲ್ಕು ದಿನ ತೊಟ್ಟಿ ನಿಂತಿತ್ತು ಅಂತ ಬರೆದಿದ್ದೀಯ. ಬಾಟಲಿಯ ಜೊತೆ ಬಂದ ಫಾರಮ್ಮಿನಲ್ಲಿ ಅದನ್ನು ಯಾರೂ ತುಂಬಿರಲಿಲ್ಲ. ಆದರೆ ಪರವಾಗಿಲ್ಲ. ತೊಟ್ಟಿ ನಿಂತಿತ್ತೋ ಓಡಿತ್ತೋ ಯಂತ್ರಕ್ಕೆ ಗೊತ್ತಿರಬೇಕಾಗಿಲ್ಲ ಅಪ್ಪ. ಮದ್ದು ಹಳಸಿದ್ದರೆ ಅಂಕಿ ಇಳಿಯಬೇಕಿತ್ತು. ಇಳಿದಿಲ್ಲ. ನಿನ್ನ ಸೊಟ್ಟ ಡಬ್ಬಿಗೆ ಇನ್ನು ಮೇಲೆ ಸ್ವಲ್ಪ ವಿಶ್ರಾಂತಿ ಕೊಡು!

ನಿನ್ನ ಡಾಕ್ಟರ್


ಆಗಸ್ಟ್ 12

ಮಗಳೇ,

ಮಾರ್ಚಿನಿಂದ ಇಲ್ಲಿಯವರೆಗೆ ಬಾಟಲಿಯ ಜೊತೆ ಎರಡೇ ಸಾಲು ಬರೆದು ಕಳಿಸಿದೆ. ಕೆಲಸ ಜಾಸ್ತಿ ಅಂದಿದ್ದೆ. ಕೆಲಸ ಇತ್ತು, ಇಲ್ಲವೆನ್ನುವುದಿಲ್ಲ.

ನಿನಗೆ ಅಲ್ಲಿ ಸುದ್ದಿ ಮುಟ್ಟಿರುತ್ತದೆ. ಆದರೂ ನನ್ನ ಕೈಯಿಂದಲೇ ತಿಳಿಯಲಿ. ನಮ್ಮ ಬೋರ್ಡು ಕೂತ ಉಸಿರಾಟದ ಯಂತ್ರಗಳಲ್ಲಿ ಮೂರು ನಿಂತುಹೋದವು. ಎರಡು ಕಡೆ ಜನ ಹೇಗೋ ಉಳಿದರು. ಮೂರನೆಯ ಕಡೆ ಒಬ್ಬಾಕೆ, ನಲವತ್ತೆರಡು ವರ್ಷ, ಆಪರೇಷನ್ ಚೆನ್ನಾಗಿಯೇ ಆಗಿತ್ತಂತೆ. ಮಧ್ಯಾಹ್ನ ಎರಡು ಗಂಟೆಗೆ ಯಂತ್ರ ನಿಂತಿತು, ನರ್ಸಮ್ಮ ಕೈಯಿಂದಲೇ ಗಾಳಿ ಒತ್ತುತ್ತಾ ಕೂತಳಂತೆ. ಬೇರೆ ಯಂತ್ರ ತರುವಷ್ಟರಲ್ಲಿ ಆಕೆ ಇರಲಿಲ್ಲ. ಗಂಡ ಬಸ್ ಡ್ರೈವರ್.

ಬೋರ್ಡುಗಳನ್ನು ಕತ್ತರಿಸಿ ನೋಡಿದ್ದಾರೆ. ತೂತುಗಳ ಮೂಲೆಯಲ್ಲಿ ತಾಮ್ರ ಬಿರುಕು ಬಿಟ್ಟಿದೆ. ಮೂರೂ ಫೆಬ್ರವರಿ ಇಪ್ಪತ್ತಮೂರರ ಸರದಿಯವು.

ವಿಚಾರಣೆಗೆ ಬಂದವರು ನನ್ನ ತಗಡಿನ ಪೆಟ್ಟಿಗೆ ಕೇಳಿದರು. ಕೊಟ್ಟೆ. ಒಂದೊಂದೇ ತಿರುಗಿಸಿ ತಾರೀಕು ನೋಡಿದರು. ಹದಿನೆಂಟು ಇದೆ, ಇಪ್ಪತ್ತನಾಲ್ಕು ಇದೆ. ತೊಟ್ಟಿ ನಿಂತ ನಾಲ್ಕು ದಿನದ್ದಿಲ್ಲ, ಅದು ಸರಿ. "ಇಪ್ಪತ್ತಮೂರರದ್ದು ಎಲ್ಲಿ?" ಅಂದರು. "ಆ ದಿನ ಹಾಕಲಿಲ್ಲ. ನಾಲ್ಕು ದಿನದ ಕೆಲಸ ಬಾಕಿ ಇತ್ತು, ಗಡಿಬಿಡಿಯಲ್ಲಿ ಮರೆತೆ" ಅಂದೆ. ಬರೆದುಕೊಂಡರು. ಸಹಿ ಹಾಕಿದೆ.

ಅಷ್ಟೇ ವಿಷಯ. ನೀನು ಇದನ್ನು ತಲೆಗೆ ಹಚ್ಚಿಕೊಳ್ಳಬೇಡ.

ಅಪ್ಪ


ಆಗಸ್ಟ್ 21

ಅಪ್ಪನವರಿಗೆ,

ನಿಮ್ಮ ಕಾಗದ ತಲುಪಿತು. ನಿಮ್ಮ ಹೇಳಿಕೆಯ ಪ್ರತಿ ನಮ್ಮ ಲ್ಯಾಬಿಗೆ ಅದಕ್ಕಿಂತ ಮೊದಲೇ ತಲುಪಿತ್ತು. ಎಲ್ಲರ ಎದುರು ಮೇಡಂ ಅದನ್ನು ಓದಿದರು. ಮೊದಮೊದಲು ನನಗೆ ಅರ್ಥವೇ ಆಗಲಿಲ್ಲ.

ಮರೆತಿರಾ? ನೀವು? ನಾನು ಹುಟ್ಟಿದ ದಿನ ಮರೆಯದ್ದನ್ನು, ಜ್ವರ ಬಂದು ಕಂಬಳಿ ಹೊದ್ದು ಹೋದ ದಿನ ಮರೆಯದ್ದನ್ನು, ತೊಟ್ಟಿ ನಾಲ್ಕು ದಿನ ನಿಂತಿತ್ತು, ಕಣ್ಣಿಟ್ಟು ನೋಡು ಅಂತ ನನಗೆ ಬುದ್ಧಿ ಹೇಳಿದ ಮಾರನೆಯ ದಿನವೇ ಮರೆತಿರಾ? ಉಪ್ಪು ಹಾಕಲು ಮರೆತಂತೆ ಹೇಳಿದ್ದೀರಿ. ಒಬ್ಬಾಕೆ ಸತ್ತಿದ್ದಾಳೆ.

ನನ್ನಿಂದಲೂ ಹೇಳಿಕೆ ಕೇಳಿದರು, ಕೊಟ್ಟಿದ್ದೇನೆ. ನೀವು ಬೇರೆಯವರಿಂದ ಕೇಳುವ ಮೊದಲು ನಾನೇ ತಿಳಿಸುತ್ತೇನೆ. 'ಲ್ಯಾಬಿನ ಅಂಕಿ ಸರಿಯಾಗಿತ್ತು. ತೊಟ್ಟಿಯ ಬಳಿ ಮಾಡಬೇಕಾದ ದಿನದ ಪರೀಕ್ಷೆಯನ್ನು ಆ ದಿನ ಮಾಡಿಲ್ಲ. ಮಾಡಿದ್ದರೆ ದೋಷ ಕಾಣುತ್ತಿತ್ತು.' ಇಷ್ಟು ಬರೆದೆ. ಮಗಳು ಅಂತ ಒಂದು ಪದ ಹೆಚ್ಚು ಕಡಿಮೆ ಮಾಡಲಿಲ್ಲ.

ಹೀಗೆ ಬರೆಯುವಂತೆ ಮಾಡಿದಿರಲ್ಲ ಅಂತ ನನಗೆ ಸಿಟ್ಟಿದೆ.

ಇತಿ,
ನಿಮ್ಮ ಮಗಳು


ಸೆಪ್ಟೆಂಬರ್ 6

ಮಗಳೇ,

ನೀನು ಬರೆದದ್ದು ಸರಿಯಾಗಿದೆ. ಅದನ್ನು ಮತ್ತೆ ತಿದ್ದಲು ಹೋಗಬೇಡ.

ಮೊನ್ನೆ ಸೋಮವಾರದಿಂದ ನಾನು ಕೆಲಸಕ್ಕೆ ಹೋಗುತ್ತಿಲ್ಲ. ಬೇಡ ಅಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಯಾರ ಮೇಲೂ ನನಗೆ ಕೋಪವಿಲ್ಲ. ತಗಡಿನ ಪೆಟ್ಟಿಗೆ ವಾಪಸು ಕೊಟ್ಟರು, ಹೊತ್ತು ತರುವಾಗ ಭಾರ ಗೊತ್ತಾಯಿತು.

ಕಾಗದದ ತುಂಬ ನನ್ನನ್ನು 'ನೀವು' ಅಂದಿದ್ದೀಯ. ನಿನ್ನ ಅಮ್ಮ ಅದನ್ನು ತಾನೂ ಓದುತ್ತಾ ಅಲ್ಲಲ್ಲಿ ನಿಂತಳು. ನಾನೇ 'ಮುಂದೆ ಓದು' ಅಂದೆ.

ಅಪ್ಪ


ಡಿಸೆಂಬರ್ 14

ಮಗಳೇ,

ನಾಲ್ಕು ತಿಂಗಳಾಗುತ್ತಾ ಬಂತು, ನಿನ್ನ ಕಾಗದವಿಲ್ಲ. ಈಗ ಬಾಟಲಿಯ ಪೆಟ್ಟಿಗೆಯೂ ಇಲ್ಲ, ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಉತ್ತರ ಬರೆಯಲೇಬೇಕು ಅಂತೇನಿಲ್ಲ. ಒಂದು ವಿಷಯ ಯಾರಿಗಾದರೂ ಹೇಳಬೇಕು, ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ.

ಆ ಡ್ರೈವರ್ ನಮ್ಮ ಮನೆಗೆ ಬರುತ್ತಿದ್ದಾರೆ. ಮೊದಲ ಭಾನುವಾರ ಗೇಟಿನ ಹೊರಗೆ ಒಂದು ಗಂಟೆ ನಿಂತಿದ್ದರು. ಯಾರು ಅಂತ ನಿನ್ನ ಅಮ್ಮ ಕೇಳಿದಾಗ ಹೆಂಡತಿಯ ಹೆಸರು ಹೇಳಿದರಂತೆ. ಅವಳು ಒಳಗೆ ಬಂದು ನನ್ನ ಕಿವಿಯ ಹತ್ತಿರ ಹೇಳಿದಳು. ನಾನು ಹೊರಗೆ ಹೋದೆ. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದರೆ ಹೊಡೆಯಲಿ, ಕೈಯೆತ್ತಬಾರದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ಹೊಡೆಯಲಿಲ್ಲ. ನನ್ನ ಮುಖ ನೋಡಿ, "ನಿಮ್ಗೂ ಇಷ್ಟ್ ವಯಸ್ಸಾಗಿದ್ಯಾ" ಅಂದರು.

ಆಮೇಲೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಬರುತ್ತಾರೆ. ಹಜಾರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಅಮ್ಮ ಮೂರು ಲೋಟ ಟೀ ಮಾಡುತ್ತಾಳೆ. ತೊಟ್ಟಿ ಅಂದರೇನು, ತಗಡು ಅಂದರೇನು ಅಂತ ಕೇಳುತ್ತಾರೆ. ಹೇಳುತ್ತೇನೆ. ಒಂದು ದಿನ ಅವರೇ ಅಂದರು: "ಮರೆವು ಯಾರಿಗಿಲ್ಲ ಹೇಳಿ. ನಾನೂ ಒಂದ್ಸಲ ಹಿಂದಿನ ಬಾಗ್ಲು ಹಾಕೋದ್ ಮರ್ತು ಬಸ್ ತೆಗ್ದಿದ್ದೆ. ಒಬ್ರು ಮುದುಕ್ರು ಬೀಳೋದ್ರಲ್ಲಿದ್ರು, ಯಾರೋ ಹಿಡ್ಕೊಂಡ್ರು. ಹಿಡ್ಕೊಳ್ದೇ ಇದ್ದಿದ್ರೆ ನಾನೂ ನಿಮ್ ಥರಾನೇ." ಇಷ್ಟು ಹೇಳಿ ಟೀ ಕುಡಿದು ಹೋದರು. ಆ ಮನುಷ್ಯ ಬಸ್ಸು ಹತ್ತಿ ಇಷ್ಟು ದೂರ ಬರುವುದು ನನ್ನನ್ನು ಬೈಯಲಿಕ್ಕಲ್ಲ ಮಗಳೇ. ನನ್ನ ಮೇಲಿನ ಸಿಟ್ಟನ್ನು ಹೇಗಾದರೂ ನುಂಗಿಕೊಳ್ಳಲಿಕ್ಕೆ.

ಅವರು ಹೋದ ಮೇಲೆ ನನಗೆ ಊಟ ಸೇರುವುದಿಲ್ಲ.

ಅಪ್ಪ


ಫೆಬ್ರವರಿ 2

ಪುಟ್ಟಾ,

ನಾನು ಅಮ್ಮ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಗೊತ್ತಲ್ಲ, ಸಾವಕಾಶ ಓದಿಕೋ. ಇದನ್ನು ಅವರಿಗೆ ಹೇಳದೆ ಬರೆಯುತ್ತಿದ್ದೇನೆ.

ಅವರು ಮರೆಯಲಿಲ್ಲ ಕಣೇ. ಹೋದ ವರ್ಷ ಆ ಬ್ಲೋವರ್ ರಿಪೇರಿಯಾದ ಮಾರನೆಯ ದಿನ ಬಿಚ್ಚಿಹಾಕಿದ ಅಂಗಿಯನ್ನು ಒಗೆಯಲು ನೆನೆಹಾಕುವಾಗ ಜೇಬಿನಲ್ಲಿ ತಗಡು ಸಿಕ್ಕಿತು. ಬೆನ್ನಿಗೆ ತಾರೀಕು ಗೀಚಿತ್ತು, ಇಪ್ಪತ್ತಮೂರು. ಯಾವತ್ತೂ ಮನೆಗೆ ತರದವರು ಇದನ್ನೇಕೆ ತಂದರು ಅಂದುಕೊಂಡು ಮೇಜಿನ ಮೇಲಿಟ್ಟೆ. ಬೆಳಿಗ್ಗೆ ಇರಲಿಲ್ಲ. ಈಗ ಬೀರುವಿನಲ್ಲಿ ಹಳೇ ಪೇಪರಿನ ಕೆಳಗಿದೆ, ನಾನು ಮುಟ್ಟಿ ನೋಡಿದೆ.

ಕೇಳಿದರೆ ಕಿವಿ ಕೇಳಿಸದವರ ಹಾಗೆ ಆಡುತ್ತಾರೆ. ಈ ಸಲ ನಿಜಕ್ಕೂ ಕೇಳಿಸಿತ್ತು, ನನಗೆ ಗೊತ್ತು.

ನಾನು ಓದಿದವಳಲ್ಲ. ಇದು ಹೇಳಬೇಕಾದದ್ದೋ ಮುಚ್ಚಿಡಬೇಕಾದದ್ದೋ ತಿಳಿಯದೆ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡೆ. ಇನ್ನು ಆಗುವುದಿಲ್ಲ. ಅವರು ಬಹಳ ಇಳಿದುಹೋಗಿದ್ದಾರೆ, ಅಂಗಿಗಳನ್ನೆಲ್ಲ ಹಿಡಿದು ಹೊಲಿದಿದ್ದೇನೆ.

ಅಮ್ಮ


ಮಾರ್ಚ್ 9

ಅಪ್ಪ,

ಹೇಗೆ ಶುರು ಮಾಡಲಿ ಗೊತ್ತಾಗುತ್ತಿಲ್ಲ. ಕೆಲಸದ ವಿಷಯದಿಂದಲೇ ಶುರು ಮಾಡುತ್ತೇನೆ.

ಲ್ಯಾಬಿಗೆ ಹೊಸ ಯಂತ್ರ ಬಂದಿದೆ. ಹಳೆಯದರಂತೆ ಎಲ್ಲದರ ಒಟ್ಟು ಪರಿಣಾಮ ನೋಡುವುದಿಲ್ಲ. ದ್ರಾವಣವನ್ನು ಉದ್ದನೆಯ ಸಣ್ಣ ಕೊಳವೆಯಲ್ಲಿ ಒತ್ತಿ ಕಳಿಸಿದರೆ ಒಳಗಿರುವ ಒಂದೊಂದು ಮದ್ದೂ ತನ್ನ ಹೊತ್ತಿಗೆ ಬೇರೆಯಾಗಿ ಹೊರಗೆ ಬರುತ್ತದೆ, ಕಾಗದದ ಮೇಲೆ ಒಂದೊಂದು ಗುಡ್ಡ ಮೂಡುತ್ತದೆ. ಪ್ರತಿ ವಾರದ ಬಾಟಲಿಯಲ್ಲೂ ಸ್ವಲ್ಪ ಉಳಿಸಿ ತಣ್ಣನೆಯ ಕಪಾಟಿನಲ್ಲಿ ಇಡುವುದು ನಮ್ಮ ಪದ್ಧತಿ. ಅಮ್ಮನ ಕಾಗದ ಬಂದ ಮಾರನೆಯ ದಿನ ಫೆಬ್ರವರಿ ಇಪ್ಪತ್ತಮೂರರಂದು ಬಂದ ಆ ಬಾಟಲಿಯನ್ನು ತೆಗೆದು ಹಾಕಿದೆ.

ಬ್ರೈಟ್ನರ್ ಬರಬೇಕಾದ ಜಾಗದಲ್ಲಿ ಸಣ್ಣ ಗುಡ್ಡ, ಅರ್ಧಕ್ಕಿಂತ ಕಡಿಮೆ. ಅದರ ಪಕ್ಕದಲ್ಲಿ, ಏನೂ ಇರಬಾರದ ಕಡೆ, ಎತ್ತರದ ಇನ್ನೊಂದು. ಹಳಸಿದ ಚೂರುಗಳು. ಗಾಳಿಯಿಲ್ಲದೆ ತಾಮ್ರದ ಜೊತೆ ನಾಲ್ಕು ದಿನ ನಿಂತು ಮುರಿದದ್ದು. ಆ ಚೂರುಗಳೂ ತಾಮ್ರವನ್ನು ಬೇಗ ಬೇಗ ಕೂರಿಸುತ್ತವೆ ಅಪ್ಪ, ಮದ್ದಿಗಿಂತ ಜೋರಾಗಿ. ನನ್ನ ಹಳೆಯ ಯಂತ್ರಕ್ಕೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅದು ಹಳಸಿದ್ದನ್ನೂ ಮದ್ದು ಅಂತ ಎಣಿಸಿ ನನಗೆ ಅಂಕಿ ಕೊಟ್ಟಿತು. ಕಪಾಟಿನಲ್ಲೇ ಕೆಟ್ಟಿರಬಹುದು ಅಂತ ಹಿಂದಿನ, ಮುಂದಿನ ವಾರಗಳ ಬಾಟಲಿಗಳನ್ನೂ ಹಾಕಿ ನೋಡಿದೆ. ಅವುಗಳಲ್ಲಿ ಆ ಗುಡ್ಡ ಇಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರ ಜಾತಿ ನಾನು. ನೀನು ಬರೆದಿದ್ದೆ. ನಾಲ್ಕು ದಿನ ನಿಂತಿತ್ತು ಅಂತ ನಿನ್ನ ಕೈಯಾರೆ ಬರೆದಿದ್ದೆ. ಅದು ನನ್ನ ಚೀಲದಲ್ಲಿತ್ತು. ಮೇಜಿನ ಕೆಳಗೆ, ನನ್ನ ಕಾಲ ಹತ್ತಿರ. ಸಂಜೆ ಟೀ ಜೊತೆ ಓದೋಣ ಅಂತ ಇಟ್ಟುಕೊಂಡಿದ್ದೆ. ಓದಿದ ಮೇಲಾದರೂ ಒಂದು ಫೋನು ಮಾಡಬಹುದಿತ್ತು. ನಗುತ್ತಾ ಉತ್ತರ ಬರೆದೆ.

ನೀನು ತಗಡು ಹಾಕಿದ್ದೆ. ಅದು ಮಂಕಾಗಿತ್ತು. ಅದನ್ನು ತೋರಿಸಿದರೆ ನನ್ನ ಅಂಕಿ ತಪ್ಪು ಅಂತಾಗುತ್ತದೆ, ನನ್ನ ಮೊದಲ ಸಹಿ ಕೆಡುತ್ತದೆ ಅಂತ ಜೇಬಿನಲ್ಲಿ ಹಾಕಿಕೊಂಡು ಬಂದೆ. ಮರೆಗುಳಿ ಅಂತ ಹೆಸರು ಹೊತ್ತೆ. ನನ್ನನ್ನು ಉಳಿಸಿದೆ. ನಾನು ಅದಕ್ಕೆ ಪ್ರತಿಯಾಗಿ ನಿನ್ನ ಮೇಲೆ ಹೇಳಿಕೆ ಕೊಟ್ಟೆ.

ನಾನು ಸುಮ್ಮನಿರಲಿಲ್ಲ. ಎಲ್ಲ ಕಾಗದಗಳನ್ನೂ ಜೋಡಿಸಿ ಮೇಡಂ ಮುಂದಿಟ್ಟೆ, ನಿನ್ನ ಫೆಬ್ರವರಿಯ ಕಾಗದವನ್ನೂ. "ಮುಗ್ದಿರೋ ಫೈಲ್ ಇದು. ಯಾಕಮ್ಮಾ ಕೆದಕ್ತೀಯ?" ಅಂದರು. ವಿಚಾರಣೆಯವರಿಗೆ ಬರೆದೆ. ಉತ್ತರವಿಲ್ಲ. ಕಾರ್ಖಾನೆಗೆ ಬರೆದೆ. ಆ ತೊಟ್ಟಿಯನ್ನೇ ತೆಗೆದುಹಾಕಿದ್ದಾರಂತೆ, ನಿನ್ನನ್ನು ವಾಪಸು ಕರೆಯುವ ಮಾತೇ ಇಲ್ಲವಂತೆ. ಮಾರನೆಯ ವಾರ ಲ್ಯಾಬಿನವರು ನನಗೆ ಬೇರೆ ಕೆಲಸ ನೋಡಿಕೋ ಅಂದರು. ನಿನಗೂ ಏನೂ ಸಿಗಲಿಲ್ಲ, ನನ್ನದೂ ಹೋಯಿತು. ಆದರೂ ಒಂದು ಕಡೆಯಾದರೂ ಸತ್ಯ ತಲುಪಲಿ ಅಂತ, ಆ ಡ್ರೈವರ್ ಅವರ ಡಿಪೋ ವಿಳಾಸ ಹುಡುಕಿ ಅವರಿಗೂ ಎಲ್ಲ ಬರೆದಿದ್ದೇನೆ. ನಮ್ಮಪ್ಪ ಮರೆಯಲಿಲ್ಲ, ತಪ್ಪು ನನ್ನದು, ನನ್ನನ್ನು ಉಳಿಸಲು ಸುಳ್ಳು ಹೇಳಿದರು ಅಂತ. ನಿನ್ನನ್ನು ಅವರು ಇನ್ನು ಬೇರೆ ಕಣ್ಣಿನಿಂದ ನೋಡಲಿ ಅಪ್ಪ.

ಕ್ಷಮಿಸು ಅನ್ನುವ ಮುಖ ನನಗಿಲ್ಲ. ಒಂದು ಸಾಲು ಬರೆ. ಬೈದಾದರೂ ಬರೆ.

ನಿನ್ನ ತರಲೆ


ಮಾರ್ಚ್ 23

ತರಲೆ,

ಬೈಯುವುದಿಲ್ಲ. ಬೈಯಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಯಂತ್ರದ ವಿಷಯ ನೀನು ಬರೆದದ್ದು ಚೆನ್ನಾಗಿ ಅರ್ಥವಾಯಿತು. ನಿನಗೆ ಗೊತ್ತಿರಲಿಲ್ಲ. ನಿನ್ನ ಮೇಡಂಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ತಪ್ಪಿಗೆ ಒಂದು ಅಳತೆ ಇದೆ. ನನ್ನ ತಪ್ಪಿಗೆ ಅದಿಲ್ಲ.

ಆ ದಿನ ಮಧ್ಯಾಹ್ನ ನಿನ್ನ ವರದಿ ಬಂತು. ಕೆಳಗೆ ನಿನ್ನ ಸಹಿ. ನಾನು ಅದನ್ನು ಹಿಡಿದುಕೊಂಡು ಪ್ಯಾಕಿಂಗಿನವರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ತೋರಿಸಿ ಬಂದೆ. ಆಮೇಲೆ ತಗಡು ಹಾಕಿದೆ. ಒಂದು ತುದಿಯಿಂದ ಅರ್ಧದವರೆಗೆ ಮಂಜು ಕವಿದಂತೆ ಮಂಕು. ಮೂಲೆ ಮಡಚಿದೆ. ಬೆರಳಿಗೆ ಬಿರುಕು ಸಿಕ್ಕಿತು. ಮೂವತ್ತೊಂದು ವರ್ಷದಲ್ಲಿ ಅಷ್ಟು ಕೆಟ್ಟ ತಗಡನ್ನು ನಾಲ್ಕೇ ಸಲ ನೋಡಿದ್ದೆ. ಆ ನಾಲ್ಕು ಸಲವೂ ತೊಟ್ಟಿ ನಿಲ್ಲಿಸಿದ್ದೆ.

ಈ ಸಲ ನಿಲ್ಲಿಸಲಿಲ್ಲ. ಒಂದು ಕೈ ಎತ್ತಿದ್ದರೆ ಸಾಕಿತ್ತು. ಎತ್ತಿದರೆ ಎಲ್ಲರೆದುರು ನನ್ನ ಮಗಳ ಅಂಕಿ ತಪ್ಪು ಅನ್ನಬೇಕಾಗುತ್ತಿತ್ತು, ಅರ್ಧ ಗಂಟೆಯ ಹಿಂದೆ ಮೆರೆಸಿ ಬಂದದ್ದನ್ನು ಮಡಚಿಡಬೇಕಾಗುತ್ತಿತ್ತು. ನನ್ನ ಕಣ್ಣಿಗೇ ವಯಸ್ಸಾಯಿತೇನೋ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ತಗಡನ್ನು ಜೇಬಿಗೆ ಹಾಕಿಕೊಂಡು ಬೋರ್ಡುಗಳನ್ನು ತೊಟ್ಟಿಗೆ ಇಳಿಸಿ ಅಂದೆ. ಮಾರನೆಯ ದಿನದ ತಗಡು ಸ್ವಲ್ಪ ವಾಸಿ ಇತ್ತು. ಒಳ್ಳೆಯದಾಯಿತು ಅಂತ ಉಸಿರು ಬಿಟ್ಟೆ.

ನಿನ್ನನ್ನು ಉಳಿಸಿದೆ ಅಂತ ಬರೆದಿದ್ದೀಯ. ಮಗಳೇ, ಆ ಮಾತು ಓದಿ ನನಗೆ ನಾಚಿಕೆಯಾಯಿತು. ವಿಚಾರಣೆಯಲ್ಲಿ ಆ ತಗಡನ್ನು ತೋರಿಸಿದ್ದರೆ ನಿನ್ನದು ಗೊತ್ತಿಲ್ಲದೆ ಆದ ತಪ್ಪು, ನನ್ನದು ಗೊತ್ತಿದ್ದೂ ಮಾಡಿದ್ದು ಅಂತ ಆಗುತ್ತಿತ್ತು. ಮರೆತೆ ಅಂದರೆ ಚಿಕ್ಕ ತಪ್ಪು. ನೋಡಿದೆ, ಬಿಟ್ಟೆ ಅಂದರೆ ಅದಕ್ಕೆ ಬೇರೆ ಹೆಸರು. ನಾನು ಉಳಿಸಿಕೊಂಡದ್ದು ನನ್ನನ್ನು. ನಿನ್ನ ಹೆಸರು ಉಳಿದದ್ದು ಅದರ ಜೊತೆ ಬಂದ ಭಾಗ್ಯ, ಅಷ್ಟೇ. ನೀನು ನನ್ನ ಮೇಲೆ ಸಿಟ್ಟಾಗಿ ಕಾಗದ ಬರೆದಾಗ, ಸದ್ಯ, ಇವಳೂ ನಂಬಿದಳು ಅಂತ ನನಗೆ ನೆಮ್ಮದಿಯಾಯಿತು. ಅಂಥ ಅಪ್ಪ ನಿನ್ನ ಅಪ್ಪ.

ನಿನ್ನ ಕಾಗದ ಡ್ರೈವರ್ ಅವರಿಗೆ ತಲುಪಿದೆ. ಹೋದ ಭಾನುವಾರ ಬಂದರು. ಒಳಗೆ ಬರಲಿಲ್ಲ, ಗೇಟಿನಲ್ಲೇ ನಿಂತರು. ಅವರು ಮೆತ್ತಗೆ ಮಾತಾಡುವ ಮನುಷ್ಯ. ನನಗೆ ಕೇಳಿಸುವುದಿಲ್ಲ ಅಂತ ಕೂಗಿ ಕೇಳಬೇಕಾಯಿತು. ಇಡೀ ಬೀದಿಗೆ ಕೇಳಿಸಿತು.

"ಆವತ್ತು ತಗಡು ಹಾಕಿದ್ರಾ?"

"ಹಾಕಿದ್ದೆ."

"ಏನ್ ಕಾಣಿಸ್ತು?"

"ಕೆಟ್ಟಿದೆ ಅಂತ ಕಾಣಿಸ್ತು."

"ಮತ್ತೆ?"

ಅಷ್ಟೇ ಕೇಳಿದ್ದು ಅವರು. ಮತ್ತೆ? ಅವರು ಇನ್ನೊಂದು ಸಲ ಕೂಗಿದರು, ನನಗೆ ಕೇಳಿಸಿಲ್ಲ ಅಂದುಕೊಂಡು. ನನಗೆ ಮೊದಲ ಸಲವೇ ಕೇಳಿಸಿತ್ತು.

ತಗಡು ಕೊಡಿ ಅಂದರು. ಬೀರುವಿನಿಂದ ತಂದುಕೊಟ್ಟೆ. ನಾನೇ ಭಾನುವಾರಗಳಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿದ್ದೆನಲ್ಲ, ಎಲ್ಲಿ ನೋಡಬೇಕು ಅಂತ ಅವರಿಗೆ ಗೊತ್ತಿತ್ತು. ಬೆಳಕಿಗೆ ಓರೆಯಾಗಿ ಹಿಡಿದರು. ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು. "ನನ್ ಕಣ್ಣಿಗೂ ಕಾಣುತ್ತಲ್ರೀ ಇದು" ಅಂದರು. ಆಮೇಲೆ ತಗಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ತಿಂಗಳುಗಟ್ಟಲೆ ಕಷ್ಟಪಟ್ಟು ಒಬ್ಬ ಮರೆಗುಳಿಯನ್ನು ಕ್ಷಮಿಸುತ್ತಾ ಬಂದಿದ್ದರು. ಆ ಮರೆಗುಳಿ ಇಲ್ಲವೇ ಇಲ್ಲ ಅಂತಾಯಿತು. ಇವತ್ತು ಭಾನುವಾರ, ಅವರು ಬರಲಿಲ್ಲ. ಅಮ್ಮ ಅಭ್ಯಾಸದಲ್ಲಿ ಮೂರು ಲೋಟ ಇಟ್ಟು, ಒಂದನ್ನು ವಾಪಸು ಒಳಗಿಟ್ಟಳು.

ನೀನು ಅವರಿಗೆ ಬರೆದದ್ದು ತಪ್ಪಲ್ಲ. ಅವರಿಗೆ ಸಿಗಬೇಕಾದದ್ದೇ ಸಿಕ್ಕಿತು. ನನಗೂ ಅಷ್ಟೇ.

ಕೆಲಸ ಹೋದ ಮೇಲೆ ಆ ಪೈಪು ನೋಡಿಕೊಂಡು ಒಬ್ಬಳೇ ಏಕೆ ಕೂತಿದ್ದೀಯ, ಮನೆಗೆ ಬರಲಿ ಅನ್ನುತ್ತಾಳೆ ನಿನ್ನ ಅಮ್ಮ. ಬಾ. ನಿನ್ನ ಮಂಚದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಕೆಳಗಿಳಿಸಿದ್ದೇನೆ. ಬಂದವಳು ಬೈಯಿ, ಅಳು, ಏನು ಬೇಕಾದರೂ ಕೇಳು. 'ಮತ್ತೆ?' ಅಂತ ಮಾತ್ರ ಕೇಳಬೇಡ.

ಅಪ್ಪ